ಒಂದು ಆರ್‌ಎಕ್ಸ್ 135 ಎಂಜಿನ್, ಎರಡು ಊರಿನ ಗಾಳಿ: ಡ್ರ್ಯಾಗ್ ಓಟದ ಟ್ಯೂನಿಂಗ್ ಕುರಿತ ಪ್ರಕರಣ ಅಧ್ಯಯನ

ಬೆಂಗಳೂರಿನಲ್ಲಿ ಟ್ಯೂನ್ ಆಗಿ, ಮೂರು ವರ್ಷ ಯಾವ ತಕರಾರೂ ಇಲ್ಲದೆ ಓಡಿದ್ದ ಯಮಹಾ ಆರ್‌ಎಕ್ಸ್ 135ರ ಎಂಜಿನ್ ಒಂದು, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ನಡೆದ ಅಭ್ಯಾಸದ ಎರಡನೆಯ ದಿನ, ಬೆಳಗಿನ ಮೊದಲ ಓಟದಲ್ಲೇ, ನಾಲ್ಕನೆಯ ಗೇರಿನಲ್ಲಿ ಪೂರ್ತಿ ಥ್ರಾಟಲ್ ಇದ್ದಾಗ ಹಿಡಿದುಕೊಂಡಿತು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ನಿಂತಿತು. ಸವಾರ ತಕ್ಷಣ ಕ್ಲಚ್ ಎಳೆದದ್ದರಿಂದ ಹಿಂದಿನ ಚಕ್ರ ಕಚ್ಚಿಕೊಳ್ಳಲಿಲ್ಲ, ಆತನಿಗೆ ಗಾಯವೂ ಆಗಲಿಲ್ಲ. ಹಿಂದಿನ ಮಧ್ಯಾಹ್ನ ಇದೇ ಎಂಜಿನ್ ಇದೇ ಟ್ರ್ಯಾಕ್‌ನಲ್ಲಿ ನಾಲ್ಕು ಓಟಗಳನ್ನು ಮುಗಿಸಿತ್ತು. ವಾಹನವನ್ನು ನಮ್ಮ ವರ್ಕ್‌ಶಾಪಿಗೆ ತಂದಾಗ ಸವಾರ ಹೇಳಿದ ಮೊದಲ ಮಾತು, “ಸರ್, ನಿನ್ನೆ ಮಧ್ಯಾಹ್ನದವರೆಗೂ ಸರಿಯಾಗೇ ಇತ್ತು, ರಾತ್ರಿ ಗಾಡಿಗೆ ಯಾರೂ ಕೈ ಹಾಕಿಲ್ಲ” ಎಂಬುದು. ಯಾರೂ ಕೈ ಹಾಕದ ಎಂಜಿನ್ ಒಂದೇ ರಾತ್ರಿಯಲ್ಲಿ ಹೇಗೆ ಕೆಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನಮಗೆ ದುರಸ್ತಿಗಿಂತ ಹೆಚ್ಚಿನ ಕೆಲಸ ಎದುರಾಯಿತು. ಆ ಎಂಜಿನ್ನಿನ ಇಡೀ ಟ್ಯೂನಿಂಗ್ ಅನ್ನೇ ಮೊದಲಿನಿಂದ ಯೋಚಿಸಬೇಕಾಯಿತು.

ನಮ್ಮಲ್ಲಿ ಟೂ-ಸ್ಟ್ರೋಕ್ ಡ್ರ್ಯಾಗ್ (ನೇರ ದಾರಿಯ ಗಿಡ್ಡ ಓಟ) ಎಂದರೆ ಹೆಚ್ಚಾಗಿ ಆರ್‌ಎಕ್ಸ್ ಕುಟುಂಬವೇ. 1985ರಲ್ಲಿ ಬಂದ ಆರ್‌ಎಕ್ಸ್ 100ರ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಎರಡೂ 50 ಮಿ.ಮೀ.; ಅದರ ನಂತರದ 135ರಲ್ಲಿ ಸ್ಟ್ರೋಕ್ ಅಷ್ಟೇ ಉಳಿದು ಬೋರ್ 58 ಮಿ.ಮೀ. ಆಯಿತು. ಗಾಳಿಯಿಂದ ತಣಿಯುವ ಒಂದೇ ಸಿಲಿಂಡರ್, ರೀಡ್ ವಾಲ್ವ್, 132 ಸಿಸಿ. ಇಂಥ ಎಂಜಿನ್ ಬಿಡಿಸಲು ಸುಲಭ, ತಿದ್ದಲು ಸುಲಭ. ಹಾಗಾಗಿಯೇ ತಪ್ಪು ತಿದ್ದುವುದೂ ಸುಲಭ. ನಮ್ಮ ಕೈಗೆ ಬಂದ ಎಂಜಿನ್ನಿಗೆ 28 ಮಿ.ಮೀ. ಕೀಹಿನ್ ಕಾರ್ಬ್ಯುರೇಟರ್, 120ರ ಮೇನ್ ಜೆಟ್ (ಪೆಟ್ರೋಲ್ ಹಾಯುವ ಅಳತೆಯ ತೂತು; ಸಂಖ್ಯೆ ದೊಡ್ಡದಾದಷ್ಟೂ ತೂತು ದೊಡ್ಡದು), ಮನೆಯಲ್ಲೇ ಬೆಸುಗೆ ಹಾಕಿದ ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿದ ಎಗ್ಜಾಸ್ಟ್ ನಳಿಗೆ), ಕೊರೆದು ಅಗಲಿಸಿದ ಪೋರ್ಟ್‌ಗಳು (ಸಿಲಿಂಡರ್ ಗೋಡೆಯ ಕಿಂಡಿಗಳು) ಮತ್ತು ಲೇಥಿನಲ್ಲಿ ಕಡೆದ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಇದ್ದವು. ಆಯಿಲ್ ಪಂಪ್ ತೆಗೆದು, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುತ್ತಿದ್ದರು.

ಬಿಚ್ಚಿದಾಗ ಕಂಡದ್ದು

ಹಿಡಿದುಕೊಂಡ ಎಂಜಿನ್ ಕಂಡ ಕೂಡಲೇ “ಎಣ್ಣೆ ಸಾಲಲಿಲ್ಲ” ಎನ್ನುವುದು ವರ್ಕ್‌ಶಾಪುಗಳ ರೂಢಿ. ಸವಾರನ ಬಳಗದವರಿಗೂ ಅದೇ ಭಯವಿತ್ತು. ಸ್ಪರ್ಧೆಯ ಟ್ರ್ಯಾಕ್‌ಗೆ ಹೊರಡುವ ಮುನ್ನ, ರಕ್ಷಣೆ ಇರಲೆಂದು, 25 ಭಾಗಕ್ಕೆ ಒಂದು ಭಾಗವಿದ್ದ ಎಣ್ಣೆಯನ್ನು 20ಕ್ಕೆ ಒಂದು ಮಾಡಿದ್ದರು. ಆದರೆ ಪಿಸ್ಟನ್ ಬೇರೆಯದೇ ಸಂಗತಿಯನ್ನು ತೋರಿಸುತ್ತಿತ್ತು. ಉಜ್ಜಿದ ಗೆರೆಗಳೆಲ್ಲ ಎಗ್ಜಾಸ್ಟ್ ಬದಿಯಲ್ಲೇ ಇದ್ದವು. ಇನ್‌ಟೇಕ್ ಬದಿಯ ಮೇಲ್ಮೈ ಎಣ್ಣೆಯ ಪದರದೊಂದಿಗೆ ನುಣುಪಾಗಿತ್ತು, ಆ ಬದಿಯ ಬೋರಿನಲ್ಲಿ ಹೋನಿಂಗ್ (ಉಜ್ಜಿ ಹದಗೊಳಿಸಿದ) ಗುರುತೂ ಉಳಿದಿತ್ತು. ಎಣ್ಣೆ ಸಾಲದಿದ್ದರೆ ಎರಡೂ ಬದಿಗೆ ಸಾಲುತ್ತಿರಲಿಲ್ಲ. ಪಿಸ್ಟನ್ ಮತ್ತು ಬೋರ್ ನಡುವಿನ ಸಡಿಲು ಕಡಿಮೆಯಾಗಿದ್ದರೆ ಗೆರೆಗಳು ಸುತ್ತಲೂ ನಾಲ್ಕು ಕಡೆ ಸಮನಾಗಿ ಬೀಳಬೇಕಿತ್ತು, ಅದೂ ಇರಲಿಲ್ಲ.

ಮುಖ್ಯ ಸಾಕ್ಷಿ ಪಿಸ್ಟನ್ನಿನ ನೆತ್ತಿಯಲ್ಲಿತ್ತು. ಎಗ್ಜಾಸ್ಟ್ ಬದಿಯ ಅಂಚಿನಲ್ಲಿ ಸುಮಾರು ಹೆಬ್ಬೆರಳ ಉಗುರಿನಷ್ಟು ಜಾಗ ಗೆದ್ದಲು ತಿಂದ ಮರದ ಹಾಗೆ ಚುಕ್ಕಿಚುಕ್ಕಿಯಾಗಿ ಕೊರೆದುಹೋಗಿತ್ತು, ಮೇಲಿನ ರಿಂಗ್ ಆ ಜಾಗದಲ್ಲಿ ತನ್ನ ಕಾಲುವೆಯೊಳಗೆ ಅಂಟಿಕೊಂಡಿತ್ತು. ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೇಲೆ ಸೂಜಿಮೊನೆಗಿಂತ ಸಣ್ಣ ಬೆಳ್ಳಿಬಣ್ಣದ ಕಣಗಳು ಅಂಟಿದ್ದವು. ಅವು ಪಿಸ್ಟನ್ನಿನಿಂದ ಕಿತ್ತುಬಂದ ಅಲ್ಯೂಮಿನಿಯಂ. ಇವೆರಡೂ ಒಟ್ಟಿಗೆ ಕಂಡರೆ ಅದು ನಾಕಿಂಗ್‌ನ ಗುರುತು: ಪ್ಲಗ್ ಹಚ್ಚಿದ ಬೆಂಕಿ ಅಂಚನ್ನು ಮುಟ್ಟುವ ಮೊದಲೇ, ಅಲ್ಲಿ ಉಳಿದಿದ್ದ ಮಿಶ್ರಣ ಬಿಸಿ ಮತ್ತು ಒತ್ತಡಕ್ಕೆ ತಾನಾಗಿ ಸಿಡಿದಿದೆ. ಆ ಸಿಡಿತ ಪಿಸ್ಟನ್ನಿನ ಮೈಮೇಲಿರುವ ತೆಳುವಾದ ನಿಶ್ಚಲ ಅನಿಲದ ಪದರವನ್ನು ಚದುರಿಸಿ, ಬಿಸಿಯನ್ನು ನೇರವಾಗಿ ಲೋಹಕ್ಕೆ ಮುಟ್ಟಿಸುತ್ತದೆ; ಪಿಸ್ಟನ್ ಹಿಗ್ಗಿ, ಮೊದಲೇ ಬಿಸಿಯಾಗಿರುವ ಎಗ್ಜಾಸ್ಟ್ ಬದಿಯಲ್ಲಿ ಬೋರಿಗೆ ಕಚ್ಚಿಕೊಳ್ಳುತ್ತದೆ.

ತೀರ್ಮಾನಕ್ಕೆ ಬರುವ ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕಿತ್ತು. ಕ್ರ್ಯಾಂಕ್‌ಕೇಸ್‌ನ ಸೀಲುಗಳಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ; ತೆಳು ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಹೊಸ ಪಿಸ್ಟನ್ ಹಾಕಿ ಜೋಡಿಸಿದ ನಂತರ ಇನ್‌ಟೇಕ್ ಮತ್ತು ಎಗ್ಜಾಸ್ಟ್ ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದು, ಪ್ಲಗ್ ತೂತಿಗೆ ನಳಿಗೆ ಸೇರಿಸಿ, ವೈದ್ಯರು ಬಳಸುವ ರಕ್ತದೊತ್ತಡದ ಉಪಕರಣದ ಬಲ್ಬಿನಿಂದಲೇ ಗಾಳಿ ತುಂಬಿದೆವು. ಅದರ ಮಾಪಕ ಮುಟ್ಟುವ 300 ಮಿ.ಮೀ. ಪಾದರಸದ ಒತ್ತಡ ಈ ಪರೀಕ್ಷೆಗೆ ಬೇಕಾದಷ್ಟೇ. ಆರು ನಿಮಿಷ ಕಾದರೂ ಮುಳ್ಳು ಅಲುಗಾಡಲಿಲ್ಲ. ಸೀಲುಗಳು ಸರಿಯಿದ್ದವು, ತೆಳುತನ ಬೇರೆ ಕಡೆಯಿಂದ ಬಂದಿತ್ತು.

ಗಾಳಿಯ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ ಸುಮಾರು 910 ಹೆಕ್ಟೊಪ್ಯಾಸ್ಕಲ್. ಇರುಂಗಾಟ್ಟುಕೋಟ್ಟೈ ಇರುವುದು ಕರಾವಳಿಯ ಬಯಲಿನಲ್ಲಿ, ಅಲ್ಲಿ ಅದು 1,010ರ ಆಸುಪಾಸು. ಕೆಳಗಿನ ಊರಿಗೆ ಹೋದರೆ ಜೆಟ್ ದೊಡ್ಡದು ಮಾಡಬೇಕೆಂಬುದು ಓಟದ ಮಂದಿಗೆ ತಿಳಿಯದ ವಿಷಯವೇನಲ್ಲ. ಆದರೆ “ಅಲ್ಲಿ ಸೆಕೆ ಜಾಸ್ತಿ, ಬಿಸಿಗಾಳಿ ತೆಳು, ಎರಡೂ ಸರಿಹೋಗುತ್ತದೆ” ಎಂಬ ಇನ್ನೊಂದು ಮಾತೂ ಚಾಲ್ತಿಯಲ್ಲಿದೆ, ಈ ಸವಾರನಿಗೂ ಅದನ್ನೇ ಹೇಳಿದ್ದರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ, ಇಲ್ಲಿ ಹಾನಿ ಮಾಡಿದ್ದೂ ಆ ಅರ್ಧವೇ.

ಜೆಟ್ ಕಟ್ಟಿದ್ದು ಬೆಂಗಳೂರಿನ ಒಂದು ಸಂಜೆ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿಯಲ್ಲಿನ ನೀರಾವಿಯನ್ನು ಕಳೆದು ಒಣಗಾಳಿಯ ಸಾಂದ್ರತೆಯನ್ನಷ್ಟೇ ಲೆಕ್ಕ ಹಾಕಿದರೆ, ಚೆನ್ನೈ ಬದಿಯ 34 ಡಿಗ್ರಿಯ ಮಧ್ಯಾಹ್ನದಲ್ಲಿ ಅದು ಬೆಂಗಳೂರಿನ ಆ ಸಂಜೆಗಿಂತ ಸುಮಾರು ಶೇ. 6ರಷ್ಟು ಹೆಚ್ಚು. ಸೆಕೆಯೂ ತೇವವೂ ಎತ್ತರದ ವ್ಯತ್ಯಾಸದ ಒಂದು ಪಾಲನ್ನು ನಿಜಕ್ಕೂ ನುಂಗಿಕೊಂಡಿವೆ. ಅದೇ ಜಾಗದಲ್ಲಿ ಮಾರನೆಯ ಬೆಳಿಗ್ಗೆ, ಬಿಸಿಲೇರುವ ಮುನ್ನ 24 ಡಿಗ್ರಿ ಇದ್ದಾಗ ಲೆಕ್ಕ ಹಾಕಿದರೆ ವ್ಯತ್ಯಾಸ ಶೇ. 10ಕ್ಕೆ ಏರುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಗಾಳಿಯ ತೂಕ ಸಾಂದ್ರತೆಯಷ್ಟೇ ಏರಿದರೆ, ಜೆಟ್ ಮೂಲಕ ಏರುವ ಪೆಟ್ರೋಲ್ ಸಾಂದ್ರತೆಯ ವರ್ಗಮೂಲದಷ್ಟು ಮಾತ್ರ ಹೆಚ್ಚುತ್ತದೆ. ಅಂದರೆ ಮಧ್ಯಾಹ್ನ ಮಿಶ್ರಣ ಸುಮಾರು ಶೇ. 3ರಷ್ಟು, ಬೆಳಿಗ್ಗೆ ಶೇ. 5ರಷ್ಟು ತೆಳುವಾಗಿತ್ತು. ರಾತ್ರಿ ಗಾಡಿಗೆ ಯಾರೂ ಕೈ ಹಾಕಿರಲಿಲ್ಲ ಎಂಬುದು ನಿಜ, ಬದಲಾದದ್ದು ಗಾಳಿ.

ಶೇ. 5ರ ತೆಳುತನ ಒಂದರಿಂದಲೇ ಪಿಸ್ಟನ್ ಹೋಗಬೇಕಿಲ್ಲ. ಇನ್ನೆರಡು ಸಣ್ಣ ಪಾಲುಗಳು ಇದಕ್ಕೆ ಸೇರಿದ್ದವು. ಈ ಎಂಜಿನ್ನಿಗೆ ಜೆಟ್ ಕಟ್ಟಿದ ಕಾಲದಲ್ಲಿ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಶೇ. 10ರಷ್ಟಿತ್ತು. 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ ನಡೆದ ಸಮಾವೇಶದಲ್ಲಿ, ಶೇ. 20ರ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಸವಾರ ಈಗ ತುಂಬಿಸುತ್ತಿದ್ದದ್ದು ಅದನ್ನೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಈ ಲೆಕ್ಕದಲ್ಲಿ ಇ10ಕ್ಕೆ 14.1 ಆದರೆ ಇ20ಕ್ಕೆ 13.5, ಅದೇ ಜೆಟ್ ಉಳಿಸಿಕೊಂಡರೆ ಮಿಶ್ರಣ ಇನ್ನೂ ಶೇ. 4ರಷ್ಟು ತೆಳುವಾಯಿತು. ಇಲ್ಲಿ ಪೆಟ್ರೋಲನ್ನೇ ದೂರುವುದು ನ್ಯಾಯವಲ್ಲ: ಎಥನಾಲ್ ಆಕ್ಟೇನನ್ನು, ಅಂದರೆ ನಾಕಿಂಗ್ ತಡೆಯುವ ಗುಣವನ್ನು, ಏರಿಸುತ್ತದೆ, ಆವಿಯಾಗುವಾಗ ಮಿಶ್ರಣವನ್ನು ತಣಿಸುತ್ತದೆ, ಜೆಟ್ ಸರಿಯಿದ್ದರೆ ಓಟದ ಎಂಜಿನ್ನಿಗೆ ಅದು ಉಪಕಾರಿಯೇ. ಇನ್ನು ರಕ್ಷಣೆಗೆಂದು ಹೆಚ್ಚಿಸಿದ ಎಣ್ಣೆ. 25ಕ್ಕೆ ಒಂದರಿಂದ 20ಕ್ಕೆ ಒಂದಕ್ಕೆ ಹೋದಾಗ ಜೆಟ್ ಮೂಲಕ ಹಾಯುವ ದ್ರವದಲ್ಲಿ ಪೆಟ್ರೋಲಿನ ಪಾಲು ಸುಮಾರು ಶೇ. 1ರಷ್ಟು ಇಳಿಯಿತು. ಎಣ್ಣೆ ಹೆಚ್ಚಿಸುವುದೆಂದರೆ ಮಿಶ್ರಣವನ್ನು ತೆಳುಗೊಳಿಸುವುದೂ ಹೌದು ಎಂಬುದು ಅನುಭವಸ್ಥರೂ ಮರೆಯುವ ಸಂಗತಿ.

ಒಟ್ಟು ಸೇರಿಸಿದರೆ ಮಧ್ಯಾಹ್ನ ಶೇ. 8, ಬೆಳಿಗ್ಗೆ ಶೇ. 10. ಜೆಟ್ಟಿನ ತೂತಿನ ವಿಸ್ತೀರ್ಣ ವ್ಯಾಸದ ವರ್ಗದಂತೆ ಏರುವುದರಿಂದ ವ್ಯಾಸದಲ್ಲಿ ಬೇಕಾದದ್ದು ಇದರ ಅರ್ಧ: ಮಧ್ಯಾಹ್ನಕ್ಕೆ 125, ಬೆಳಿಗ್ಗೆಗೆ 126. ಮಧ್ಯಾಹ್ನ ಈ ಎಂಜಿನ್ ಅಂಚಿನಲ್ಲಿ ನಿಂತಿತ್ತು. ಬೆಳಿಗ್ಗೆಯ ತಂಪು ಗಾಳಿ ಅದನ್ನು ಆಚೆ ತಳ್ಳಿತು.

ಅಂಚಿಗೆ ಬಂದದ್ದು ಹೇಗೆ

ಜೆಟ್ ಬದಲಿಸಿ ವಾಹನವನ್ನು ಹಿಂದಿರುಗಿಸಬಹುದಿತ್ತು. ಆದರೆ ಶೇ. 10ರ ತೆಳುತನಕ್ಕೆ ಪಿಸ್ಟನ್ ಕಳೆದುಕೊಳ್ಳುವ ಎಂಜಿನ್ನಿನಲ್ಲಿ ಮೀಸಲು ಎಂಬುದೇ ಇಲ್ಲ, ಆ ಮೀಸಲನ್ನು ತಿಂದದ್ದು ಯಾವುದು ಎಂಬುದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ ಪ್ರಶ್ನೆಯಾಗಿತ್ತು.

ಹೆಡ್ ಮತ್ತು ಪಿಸ್ಟನ್ ನಡುವಿನ ಸಂದನ್ನು, ಅಂದರೆ ಸ್ಕ್ವಿಶ್ ಅನ್ನು, ಅಳೆಯಲು ದುಬಾರಿ ಸಲಕರಣೆ ಬೇಕಿಲ್ಲ. ರೇಡಿಯೊ ಅಂಗಡಿಯಲ್ಲಿ ಸಿಗುವ ಬೆಸುಗೆ ತಂತಿಯನ್ನು ಪಿಸ್ಟನ್ನಿನ ಮೇಲೆ ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಸಾಲಿನಲ್ಲೇ ಎರಡೂ ತುದಿಗೆ ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಕಿಕ್ಕರ್‌ನಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಸಾಕು; ಚಪ್ಪಟೆಯಾದ ತಂತಿಯ ದಪ್ಪವೇ ಸಂದಿನ ಅಳತೆ. ಪಿನ್ನಿನ ಸಾಲಿನಲ್ಲೇ ಇಡಬೇಕು, ಏಕೆಂದರೆ ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಅಳತೆ ಸುಳ್ಳಾಗುತ್ತದೆ. ಇಲ್ಲಿ ಬಂದ ಅಳತೆ 1.80 ಮಿ.ಮೀ. 50 ಮಿ.ಮೀ. ಸ್ಟ್ರೋಕ್‌ನ ಓಟದ ಎಂಜಿನ್ನಿಗೆ ನಾನು ಒಪ್ಪುವುದು 0.9ರಿಂದ 1.0.

ಕಾರಣ ಸಿಲಿಂಡರ್ ಬ್ಲಾಕಿನ ಬುಡದಲ್ಲಿತ್ತು. ಪೋರ್ಟ್‌ಗಳು ಬೇಗ ತೆರೆಯಲೆಂದು, ಇಡೀ ಬ್ಲಾಕನ್ನೇ ಎತ್ತರಿಸಲು 0.85 ಮಿ.ಮೀ. ಹೆಚ್ಚುವರಿ ಪ್ಯಾಕಿಂಗ್ ಹಾಕಿದ್ದರು. ಬ್ಲಾಕಿನ ಜತೆ ಹೆಡ್ಡೂ ಮೇಲೇರಿ ಸ್ಕ್ವಿಶ್ ಅಗಲವಾಯಿತು. ಕಳೆದುಹೋದ ಕಂಪ್ರೆಷನ್ (ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಎಂಬ ಅಳತೆ) ಮರಳಿ ಪಡೆಯಲು ಹೆಡ್ಡಿನ ನಡುವಿನ ಬಟ್ಟಲನ್ನು ಚಿಕ್ಕದು ಮಾಡಿದರು. ಮೇಲ್ಗಡೆ ಉಳಿದ ಒಟ್ಟು ಜಾಗವನ್ನು ಔಷಧಿ ಅಂಗಡಿಯ ಸಿರಿಂಜಿನಿಂದ ಎಣ್ಣೆ ತುಂಬಿ ಅಳೆದಾಗ 11.2 ಸಿಸಿ ಬಂತು, ಅಂದರೆ ಕಂಪ್ರೆಷನ್ 12.8ಕ್ಕೆ ಒಂದು. ಸಂಖ್ಯೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಸ್ಕ್ವಿಶ್ ಕಿರಿದಾಗಿದ್ದಾಗ ಅಂಚಿನ ಮಿಶ್ರಣ ಪಿಸ್ಟನ್ ಮೇಲೇರುತ್ತಲೇ ನಡುವಿಗೆ ಚಿಮ್ಮಿ, ಬೆಂಕಿಯನ್ನು ಕಲಕಿ ವೇಗಗೊಳಿಸುತ್ತದೆ. ಅಂಚಿನಲ್ಲಿ ಉಳಿದ ತುಸು ಮಿಶ್ರಣವೂ ಎರಡು ಲೋಹಗಳ ನಡುವೆ ಸಿಕ್ಕಿ ತಣ್ಣಗಿರುತ್ತದೆ. 1.80 ಮಿ.ಮೀ. ಸಂದಿನಲ್ಲಿ ಇವೆರಡೂ ನಡೆಯುವುದಿಲ್ಲ, ಮಿಶ್ರಣ ಅಲ್ಲೇ ಕುಳಿತು ಬೇಯುತ್ತದೆ. ಗೆದ್ದಲು ತಿಂದಂತಿದ್ದ ಗುರುತು ಸರಿಯಾಗಿ ಆ ಪಟ್ಟಿಯ ಕೆಳಗೇ ಇತ್ತು.

ಇದರ ಮೇಲೆ ಇಗ್ನಿಷನ್, ಅಂದರೆ ಕಿಡಿ ಬೀಳುವ ಹೊತ್ತು, ಕೂಡ ಮುಂದಿತ್ತು. ಡಯಲ್ ಗೇಜಿನಲ್ಲಿ ಅಳೆದರೆ ಪಿಸ್ಟನ್ ತುದಿ ಮುಟ್ಟಲು 2.7 ಮಿ.ಮೀ. ಇರುವಾಗಲೇ ಕಿಡಿ ಬೀಳುತ್ತಿತ್ತು, ಕ್ರ್ಯಾಂಕಿನ ತಿರುವಿನಲ್ಲಿ ಹೇಳುವುದಾದರೆ ಸುಮಾರು 24 ಡಿಗ್ರಿ ಮೊದಲು.

ಪುನರ್ರಚನೆ

ಬೋರ್ ಗೀಚಿಹೋಗಿದ್ದರಿಂದ 0.50 ಓವರ್‌ಸೈಜಿಗೆ (ಬೋರನ್ನು ಅರ್ಧ ಮಿ.ಮೀ. ಅಗಲಿಸಿ ಅದಕ್ಕೊಪ್ಪುವ ಪಿಸ್ಟನ್) ಹೋಗಬೇಕಾಯಿತು, ಸಿಲಿಂಡರ್ 134.4 ಸಿಸಿ ಆಯಿತು. ಹೆಚ್ಚುವರಿ ಪ್ಯಾಕಿಂಗ್ ತೆಗೆದು ಬ್ಲಾಕನ್ನು ಕೆಳಗಿಳಿಸಿದಾಗ ಸ್ಕ್ವಿಶ್ ತಾನಾಗಿ 0.95ಕ್ಕೆ ಬಂತು. ಆದರೆ ಅಷ್ಟರಿಂದಲೇ ಮೇಲಿನ ಜಾಗ ಸುಮಾರು 2.3 ಸಿಸಿ ಕುಗ್ಗಿ 8.9 ಆಯಿತು, ಹಾಗೆಯೇ ಬಿಟ್ಟಿದ್ದರೆ ಕಂಪ್ರೆಷನ್ 16 ದಾಟಿ ಮೊದಲಿಗಿಂತ ಬೇಗ ಪಿಸ್ಟನ್ ಹೋಗುತ್ತಿತ್ತು. ಹೆಡ್ಡಿನ ಬಟ್ಟಲನ್ನು ಲೇಥಿನಲ್ಲಿ 3.9 ಸಿಸಿಯಷ್ಟು ತೆರೆದು 12.8 ಸಿಸಿಗೆ, ಅಂದರೆ 11.5ರ ಕಂಪ್ರೆಷನ್ನಿಗೆ ತಂದೆವು. ಒಂದೊಂದು ಸಲ ತುಸು ತೆಗೆದು, ತೊಳೆದು, ಸಿರಿಂಜಿನಿಂದ ಅಳೆದು, ಮತ್ತೆ ತೆಗೆಯುವ ಈ ಕೆಲಸಕ್ಕೆ ಒಂದು ಇಡೀ ದಿನ ಹಿಡಿಯಿತು. ಇಗ್ನಿಷನ್ ಅನ್ನು 20 ಡಿಗ್ರಿಗೆ ಹಿಂದೆ ತಂದೆವು.

ಕಂಪ್ರೆಷನ್ ಇಳಿಸಿ, ಕಿಡಿ ಹಿಂದೆ ಸರಿಸಿದ್ದನ್ನು ಕೇಳಿ ಸವಾರನ ಮುಖ ಸಪ್ಪಗಾಯಿತು. ಆತನ ಆತಂಕ ಸಹಜ, ಶಕ್ತಿ ಕಡಿಮೆಯಾದರೆ ಓಟ ನಿಧಾನವಾಗಬೇಕಲ್ಲವೇ? ಇಲ್ಲಿ ಪೋರ್ಟ್ ಮತ್ತು ಚೇಂಬರಿನ ಪ್ರಶ್ನೆ ಬರುತ್ತದೆ.

ಡಿಗ್ರಿ ಚಕ್ರ ಕಟ್ಟಿ ಅಳೆದಾಗ ಮೊದಲು ಕ್ರ್ಯಾಂಕಿನ 360 ಡಿಗ್ರಿಯ ಒಂದು ಸುತ್ತಿನಲ್ಲಿ ಎಗ್ಜಾಸ್ಟ್ ಪೋರ್ಟ್ 194 ಡಿಗ್ರಿ, ಹೊಸ ಮಿಶ್ರಣ ಒಳಬರುವ ಟ್ರಾನ್ಸ್‌ಫರ್ 130 ಡಿಗ್ರಿ ತೆರೆದಿರುತ್ತಿದ್ದವು. ಬ್ಲಾಕ್ ಇಳಿಸಿದ ಮೇಲೆ ಅವು 190 ಮತ್ತು 125 ಆದವು. ಎಗ್ಜಾಸ್ಟ್‌ನಿಂದ ಹೊರಟ ಒತ್ತಡದ ಅಲೆ ಚೇಂಬರಿನ ಹಿಂಬದಿಯ ಶಂಕುವಿಗೆ ಬಡಿದು, ಪೋರ್ಟ್ ಮುಚ್ಚುವ ಹೊತ್ತಿಗೆ ಮರಳಿ ಬಂದು, ಹೊರಗೆ ಸೋರಿದ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳಬೇಕು. ಅಲೆಯ ವೇಗ ಸೆಕೆಂಡಿಗೆ ಸುಮಾರು 518 ಮೀಟರ್ ಎಂದು ಹಿಡಿದರೆ, ಈ ಎಂಜಿನ್ನಿಗಿದ್ದ 820 ಮಿ.ಮೀ. ಉದ್ದದ ಚೇಂಬರ್ 194 ಡಿಗ್ರಿಯ ಪೋರ್ಟಿನೊಂದಿಗೆ 10,200 ಆರ್‌ಪಿಎಂಗೆ ಹೊಂದುತ್ತದೆ. ಡೈನೊದಲ್ಲಿ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರದಲ್ಲಿ) ಇದು ಸುಂದರವಾದ ಶಿಖರವನ್ನು ತೋರಿಸುತ್ತದೆ, ನೋಡಿದವರೆಲ್ಲ ಆ ಶಿಖರದ ಸಂಖ್ಯೆಯನ್ನೇ ಹೇಳಿಕೊಂಡು ತಿರುಗುತ್ತಾರೆ. ಆದರೆ ಮೊದಲ ಗೇರಿನಿಂದ ಎರಡನೆಯದಕ್ಕೆ ಹಾಕಿದಾಗ ಆರ್‌ಪಿಎಂ 7,000ಕ್ಕೂ ಕೆಳಗೆ ಬೀಳುತ್ತಿತ್ತು, ಅಲ್ಲಿ ಈ ಎಂಜಿನ್ನಿಗೆ ಜೀವವೇ ಇರಲಿಲ್ಲ. ಸವಾರ ಕ್ಲಚ್ ಒದರಿಸಿ, ಅಂದರೆ ತುಸು ಹಿಡಿದು ಬಿಟ್ಟು, ಆರ್‌ಪಿಎಂ ಏರಿಸಿಕೊಳ್ಳುತ್ತಿದ್ದ, ಪ್ರತಿ ಓಟಕ್ಕೂ ಸಮಯ ಬೇರೆ ಬರುತ್ತಿತ್ತು. ಡ್ರ್ಯಾಗ್ ಓಟದಲ್ಲಿ ಎಂಜಿನ್ ತನ್ನ ಶಿಖರದಲ್ಲಿ ಇರುವುದು ಕೆಲವೇ ಕ್ಷಣ, ಉಳಿದ ಹೊತ್ತೆಲ್ಲ ಅದು ಶಿಖರದತ್ತ ಹತ್ತುತ್ತಿರುತ್ತದೆ. ಹತ್ತುವ ದಾರಿ ಎಷ್ಟು ಅಗಲವಾಗಿದೆ ಎಂಬುದರ ಮೇಲೆ ಸಮಯ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

190 ಡಿಗ್ರಿಗೆ ಇಳಿಸಿದಾಗ ಅದೇ ಚೇಂಬರ್ 10,000ಕ್ಕೆ ಹೊಂದುತ್ತದೆ. ನಮಗೆ ಬೇಕಿದ್ದದ್ದು 9,500. ಅದಕ್ಕೆ 863 ಮಿ.ಮೀ. ಉದ್ದ ಬೇಕು. ಹೊಸ ಚೇಂಬರ್ ಮಾಡಿಸುವ ಬದಲು ಮುಂಭಾಗದ ನಳಿಗೆಗೆ 43 ಮಿ.ಮೀ. ತುಂಡು ಸೇರಿಸಿ ಬೆಸುಗೆ ಹಾಕಿಸಿದೆವು. ಆರ್‌ಪಿಎಂ ಇಳಿದ ಪ್ರಮಾಣಕ್ಕೆ ಸರಿಯಾಗಿ ಹಿಂದಿನ ಸ್ಪ್ರಾಕೆಟ್ಟನ್ನು 42 ಹಲ್ಲಿನಿಂದ 39ಕ್ಕೆ ತಂದೆವು. 10,200ರಿಂದ 9,500ಕ್ಕೆ ಬಂದದ್ದರಿಂದ ಕನೆಕ್ಟಿಂಗ್ ರಾಡಿನ ಮೇಲಿನ ಜಡತ್ವದ ಎಳೆತ ಸುಮಾರು ಶೇ. 13ರಷ್ಟು ತಗ್ಗುತ್ತದೆ, ಹೊಸ ಕ್ರ್ಯಾಂಕ್ ಕಿಟ್‌ಗಾಗಿ ಅಂಗಡಿ ಅಂಗಡಿ ಅಲೆಯಬೇಕಾದ ಈ ದಿನಗಳಲ್ಲಿ ಇದು ಸಣ್ಣ ಲಾಭವಲ್ಲ.

ಮತ್ತೆ ಅದೇ ಟ್ರ್ಯಾಕ್‌ನಲ್ಲಿ

ಸಾರ್ವಜನಿಕ ರಸ್ತೆಯಲ್ಲಿ ನಾವು ಪರೀಕ್ಷೆ ಮಾಡುವುದಿಲ್ಲ. ರಾತ್ರಿ ಖಾಲಿ ಕಾಣುವ ರಿಂಗ್ ರೋಡಿನಲ್ಲಿ ಪ್ಲಗ್ ಓದಲು ಹೋಗಿ ಜೀವ ಕಳೆದುಕೊಳ್ಳಬೇಕಾದಷ್ಟು ಬೆಲೆ ಯಾವ ಜೆಟ್ಟಿಗೂ ಇಲ್ಲ. ಹಾಗಾಗಿ ಅಂತಿಮ ಜೆಟ್ ಕಟ್ಟುವ ಕೆಲಸವನ್ನು ಟ್ರ್ಯಾಕ್‌ಗೇ ಬಿಟ್ಟುಕೊಂಡೆವು. ಎಣ್ಣೆಯನ್ನು ಮತ್ತೆ 25ಕ್ಕೆ ಒಂದು ಮಾಡಿದೆವು. ಲೆಕ್ಕ 126ರ ಆಸುಪಾಸು ಎಂದರೂ ಬೆಳಿಗ್ಗೆ ಶುರು ಮಾಡಿದ್ದು 130ರಿಂದ. ದಪ್ಪ ಮಿಶ್ರಣ ಸಮಯವನ್ನಷ್ಟೇ ಕೆಡಿಸುತ್ತದೆ, ತೆಳು ಮಿಶ್ರಣ ಎಂಜಿನ್ನನ್ನೇ ಕೆಡಿಸುತ್ತದೆ, ಆದ್ದರಿಂದ ಯಾವತ್ತೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು. ಪ್ರತಿ ಓಟದ ಕೊನೆಯಲ್ಲಿ ಪೂರ್ತಿ ಥ್ರಾಟಲ್ ಇರುವಾಗಲೇ ಕಿಲ್ ಸ್ವಿಚ್ ಒತ್ತಿ, ಕ್ಲಚ್ ಹಿಡಿದು ಉರುಳಿ ಬಂದು, ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡದ ಉಂಗುರವನ್ನು ನೋಡಿದೆವು. ಇ20ರಲ್ಲಿ ಪ್ಲಗ್ಗಿನ ಬಣ್ಣ ಹಳೆಯ ಪೆಟ್ರೋಲಿಗಿಂತ ಮಸುಕಾಗಿಯೇ ಇರುತ್ತದೆ; ಹಳೆಯ ಕಾಫಿ ಬಣ್ಣವನ್ನೇ ಹುಡುಕುತ್ತ ಹೋದರೆ ಅನಗತ್ಯವಾಗಿ ದಪ್ಪವಾಗುತ್ತದೆ.

130ರಲ್ಲಿ ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ಮುಗ್ಗರಿಸುತ್ತಿತ್ತು. 128ರಲ್ಲಿ ಶುದ್ಧವಾಗಿ ಎಳೆಯಿತು. ಬಿಸಿಲೇರಿದ ಮೇಲೆ 128 ಮತ್ತೆ ಮಂಕಾಯಿತು, 125 ಹಾಕಿದೆವು. ಸ್ಕ್ವಿಶ್ ಮತ್ತು ಇಗ್ನಿಷನ್ ಸರಿಯಾದ ಮೇಲೆ ಎಂಜಿನ್ ಬಯಸುವ ಜೆಟ್ಟೂ ತುಸು ಬದಲಾಗಿರಬಹುದು. ಆದರೂ ಲೆಕ್ಕಕ್ಕೂ ಪ್ಲಗ್ಗಿಗೂ ಇದ್ದ ಅಂತರ ಒಂದು ಜೆಟ್‌ಗಿಂತ ಹೆಚ್ಚಿರಲಿಲ್ಲ.

ಹಿಡಿದುಕೊಳ್ಳುವ ಮುನ್ನಿನ ದಿನ 402 ಮೀಟರಿಗೆ ಈ ವಾಹನದ ಉತ್ತಮ ಸಮಯ 14.9 ಸೆಕೆಂಡ್ ಇತ್ತು, ಅದರ ನಾಲ್ಕು ಓಟಗಳು ಅರ್ಧ ಸೆಕೆಂಡಿನಷ್ಟು ಚದುರಿದ್ದವು. ಈಗ ಡೈನೊದಲ್ಲಿ ಶಿಖರದ ಶಕ್ತಿ ಒಂದು ಅಶ್ವಶಕ್ತಿಗಿಂತ ಹೆಚ್ಚು ಇಳಿದಿದ್ದರೂ ಉತ್ತಮ ಸಮಯ 14.6 ಬಂತು, ಆರು ಓಟಗಳು 0.15 ಸೆಕೆಂಡಿನೊಳಗೆ ಉಳಿದವು. ಎರಡನೆಯ ಗೇರಿನಲ್ಲಿ ಕ್ಲಚ್ ಒದರಿಸುವ ಅಗತ್ಯ ಸವಾರನಿಗೆ ಬೀಳಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಹೆಡ್ ತೆಗೆದು ನೋಡಿದೆವು. ಪಿಸ್ಟನ್ನಿನ ಅಂಚು ಲೇಥಿನಿಂದ ಇಳಿದ ದಿನದ ಹಾಗೆ ಚೂಪಾಗಿತ್ತು, ಸ್ಕ್ವಿಶ್ ಪಟ್ಟಿಯ ಕೆಳಗಿನ ಭಾಗ ಬಿಳಿಯಾಗಿ, ನಡುವೆ ತೆಳುವಾದ ಕಂದು ಬಣ್ಣ ಹರಡಿತ್ತು. ಒಂದು ಕೊರತೆ ಉಳಿದಿದೆ: ಸತತ ಮೂರು ಓಟಗಳ ನಂತರ ಗಾಳಿಯಿಂದ ತಣಿಯುವ ಈ ಸಿಲಿಂಡರ್ ಬಿಸಿ ಹಿಡಿದಿಟ್ಟುಕೊಂಡು ನಾಲ್ಕನೆಯದರಲ್ಲಿ ತುಸು ಸೋಲುತ್ತದೆ. ಓಟಗಳ ನಡುವೆ ಇಪ್ಪತ್ತು ನಿಮಿಷ ಬಿಡುವಂತೆ ಸದ್ಯಕ್ಕೆ ಹೇಳಿದ್ದೇವೆ. ಸವಾರ ಈಗ ಜೆಟ್ ಡಬ್ಬಿಯ ಜತೆ ಒಂದು ಥರ್ಮಾಮೀಟರನ್ನೂ ವಾಯುಭಾರ ಬರೆಯುವ ಪುಸ್ತಕವನ್ನೂ ಇಟ್ಟುಕೊಂಡಿದ್ದಾನೆ. ಅದರ ಮೊದಲ ಪುಟದಲ್ಲಿ ಆ ಬೆಳಗಿನ 24 ಡಿಗ್ರಿ, 120ರ ಜೆಟ್ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ.